ವೀಣೆಗೆ ಎರಡು, ಸಿನಿಮಾಕ್ಕೆ ಐದು: ಮನೆಯಲ್ಲಿ ಸರೌಂಡ್ ಸ್ಪೀಕರ್ ಕೂರಿಸುವ ಬಗೆ

ಮೈಸೂರು ಸರಸ್ವತಿಪುರಂನ ನಮ್ಮ ಮನೆಗೆ ಐದು ಸ್ಪೀಕರ್, ಒಂದು ಸಬ್‌ವೂಫರ್ (ಗುಂಯ್ ಅನ್ನುವ ತಗ್ಗಿನ ಸದ್ದಿಗೆಂದೇ ಇರುವ ಪೆಟ್ಟಿಗೆ) ಬಂದ ದಿನ ಎಲ್ಲರಿಗೂ ಸಡಗರ. ಜೋಡಿಸಲು ಬಂದಿದ್ದ ಹುಡುಗ ಎರಡೇ ಗಂಟೆಯಲ್ಲಿ ವೈರ್ ಎಳೆದ. ನಾಲ್ಕು ಸ್ಪೀಕರ್‌ಗಳನ್ನು ಹಾಲಿನ ನಾಲ್ಕು ಮೂಲೆಗೆ, ಸೂರಿನ ಹತ್ತಿರ ನೇತು ಹಾಕಿದ. ಐದನೆಯದು ಟಿವಿ ಕೆಳಗೆ, ಸಬ್‌ವೂಫರ್ ಸೋಫಾ ಪಕ್ಕದ ಖಾಲಿ ಜಾಗಕ್ಕೆ. ಒಂದು ಫೈಟ್ ಸೀನ್ ಹಾಕಿ ತೋರಿಸಿದ, ಮಕ್ಕಳು ಕುಣಿದಾಡಿದರು. ಸಂಜೆ ಅಪ್ಪ ತಮ್ಮ ಇಷ್ಟದ ವೀಣೆ ಹಾಕಿಸಿಕೊಂಡರು. ಹತ್ತು ನಿಮಿಷ ಕೇಳಿ, "ವೀಣೆ ಬೆನ್ನ ಹಿಂದೆ ಕೂತು ನುಡಿಸಿದ ಹಾಗಿದೆ ಕಣೋ" ಅಂದು ಎದ್ದು ರೂಮಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರ ಹಳೇ ಟೇಪ್‌ರೆಕಾರ್ಡರ್ ಸದ್ದು ಕೇಳಿಸಿತು.

ಅಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ಅದು ಯಾಕೆ ಸರಿ ಅನ್ನುವುದನ್ನು ಹುಡುಕುತ್ತಾ ಹೋಗಿ ನಾನು ಕಲಿತಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಇಷ್ಟೊಂದು ದುಡ್ಡು ಕೊಟ್ಟು ತಂದ ಮೇಲೆ ಮನೆಯ ಹಿರಿಯರಿಗೆ ಅದರಿಂದ ಸುಖ ಸಿಗದಿದ್ದರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಮೊದಲು ಒಂದು ಮಾತು ಮನಸ್ಸಿನಲ್ಲಿ ಕೂರಬೇಕು. ನಾವು ಕೇಳುವ ಪ್ರತಿಯೊಂದು ರೆಕಾರ್ಡಿಂಗನ್ನೂ ಅದನ್ನು ಮಾಡಿದವರು ಇಷ್ಟೇ ಸ್ಪೀಕರಿಗೆ ಅಂತ ಅಂದುಕೊಂಡು ಮಾಡಿರುತ್ತಾರೆ. ಹಳೇ ರೇಡಿಯೋ ಕಾರ್ಯಕ್ರಮ, ಹಳೇ ಸಿನಿಮಾ ಹಾಡು ಒಂದು ಸ್ಪೀಕರಿಗೆ. ಕಛೇರಿಯ ಸಿಡಿ, ಫೋನಿನಲ್ಲಿ ಕೇಳುವ ಬಹುತೇಕ ಹಾಡು ಎರಡಕ್ಕೆ. ಈಗಿನ ಸಿನಿಮಾ ಐದಕ್ಕೆ, ಏಳಕ್ಕೆ ಅಥವಾ ಅದಕ್ಕೂ ಜಾಸ್ತಿಗೆ. ನಮ್ಮ ಹಾಲಿನಲ್ಲಿ ಐದು ಇವೆ ಅಂತ ಎಲ್ಲವನ್ನೂ ಐದರಲ್ಲೂ ಬಾರಿಸಿದರೆ ಅದು ಬೇರೆಯೇ ಆಗಿಬಿಡುತ್ತೆ. ಆದ್ದರಿಂದ ಕೆಲಸ ಎರಡು. ಸ್ಪೀಕರ್‌ಗಳನ್ನು ಸರಿಯಾದ ಜಾಗದಲ್ಲಿ ಒಂದು ಸಲ ಕೂರಿಸಿಬಿಡುವುದು. ಆಮೇಲೆ ಕೇಳುವ ವಸ್ತು ಯಾವುದೋ ಅದಕ್ಕೆ ತಕ್ಕಂತೆ ಎಷ್ಟು ಸ್ಪೀಕರ್ ನುಡಿಯಬೇಕು ಅಂತ ರಿಮೋಟಿನಲ್ಲಿ ಆರಿಸುವುದು.

ಅಪ್ಪನಿಗೆ ವೀಣೆ ಹಿಂದಿನಿಂದ ಕೇಳಿಸಿದ್ದು ಹೀಗೆ. ಆ ಹುಡುಗ ರಿಸೀವರನ್ನು, ಅಂದರೆ ಟಿವಿ, ಫೋನಿನ ಸದ್ದನ್ನು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆಯನ್ನು, ಆಲ್ ಚಾನೆಲ್ ಸ್ಟೀರಿಯೋ ಅನ್ನುವ ಮೋಡಿನಲ್ಲಿ ಬಿಟ್ಟು ಹೋಗಿದ್ದ. ಅಂದರೆ ಎಡಗಡೆಯ ಸದ್ದು ಮುಂದಿನ ಎಡದಲ್ಲೂ ಹಿಂದಿನ ಎಡದಲ್ಲೂ, ಬಲಗಡೆಯದು ಅದೇ ರೀತಿ. ಅಪ್ಪನ ಕುರ್ಚಿಯಿಂದ ಹಿಂದಿನ ಸ್ಪೀಕರ್ ನಾಲ್ಕು ಅಡಿ, ಮುಂದಿನದು ಹತ್ತು ಅಡಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಒಂದು ಅಡಿ ದಾಟಲು ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಹಾಗಾಗಿ ಹಿಂದಿನ ಸದ್ದು ಐದು ಮಿಲಿಸೆಕೆಂಡಿನಷ್ಟು ಮೊದಲೇ ಕಿವಿಗೆ ಬಿತ್ತು. ಒಂದೇ ಸದ್ದು ಎರಡು ಕಡೆಯಿಂದ ಬಂದರೆ ನಮ್ಮ ಕಿವಿ, ಮಿದುಳು ಸೇರಿ ಮೊದಲು ಬಂದದ್ದನ್ನೇ ಅದರ ಮನೆ ಅಂತ ತೀರ್ಮಾನ ಮಾಡುತ್ತವೆ. ಇದನ್ನು ಹಾಸ್ ಪರಿಣಾಮ ಅನ್ನುತ್ತಾರೆ, ಹೆಲ್ಮುಟ್ ಹಾಸ್ ಅನ್ನುವವರು 1949ರಲ್ಲಿ ಇದರ ಮೇಲೆ ಕೆಲಸ ಮಾಡಿದ್ದರು. ಎಡಗಿವಿಗೂ ಬಲಗಿವಿಗೂ ನಡುವೆ ಶಬ್ದಕ್ಕೆ ಆಗುವ ತಡ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ, ಅಷ್ಟರಲ್ಲೇ ನಮಗೆ ದಿಕ್ಕು ತಿಳಿಯುತ್ತೆ. ಅಂಥ ಸೂಕ್ಷ್ಮದ ಕಿವಿಗೆ ಐದು ಮಿಲಿಸೆಕೆಂಡ್ ತುಂಬಾ ದೊಡ್ಡದು.

ಈಗ ಜಾಗದ ಮಾತು. ನಮ್ಮ ಕಡೆ ಮನೆ ಅಂದರೆ 30-40 ಸೈಟು, ಹಾಲ್ ಅಂದರೆ ಹನ್ನೆರಡು ಅಡಿ ಅಗಲ, ಹದಿನಾರು ಅಡಿ ಉದ್ದ ಅಂದುಕೊಳ್ಳಿ, ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಊಟದ ಜಾಗಕ್ಕೆ ಬಾಯಿ ತೆರೆದಿರುತ್ತೆ. ಇದರಲ್ಲೇ ಚೆನ್ನಾಗಿ ಆಗುತ್ತೆ. ಕೋನಗಳ ಲೆಕ್ಕ ನೆನಪಿಡುವುದು ಕಷ್ಟ ಅನ್ನುವವರಿಗೆ ನಾನು ಹೇಳುವುದು ಇಷ್ಟು. ನಮ್ಮ ದೊಡ್ಡ ಗಡಿಯಾರದ ಮುಖವನ್ನು ಬಿಚ್ಚಿ ತಂದು ಹಾಲಿನ ನೆಲದ ಮೇಲೆ ಮಲಗಿಸಿದ್ದೀರಿ, ನೀವು ಮುಳ್ಳುಗಳ ನಡುವಿನ ಮೊಳೆಯ ಮೇಲೆ ಕೂತಿದ್ದೀರಿ ಅಂದುಕೊಳ್ಳಿ. ಟಿವಿ, ಅದರ ಜೊತೆ ನಡುವಿನ ಸ್ಪೀಕರ್ ಹನ್ನೆರಡು ಗಂಟೆಗೆ. ಮುಂದಿನ ಎಡ ಹನ್ನೊಂದಕ್ಕೆ, ಮುಂದಿನ ಬಲ ಒಂದಕ್ಕೆ. ಹಿಂದಿನ ಎರಡು ನಾಲ್ಕು ಗಂಟೆ ಮತ್ತು ಎಂಟು ಗಂಟೆಗೆ, ಅಥವಾ ಅದಕ್ಕಿಂತ ಚೂರು ಮುಂದಕ್ಕೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐದು ಸ್ಪೀಕರಿಗೆ ಹೇಳಿರುವ ಅಳತೆಯೂ ಇದೇ: ಮುಂದಿನವು ನಡುವಿನಿಂದ 30 ಡಿಗ್ರಿ, ಹಿಂದಿನವು 100ರಿಂದ 120 ಡಿಗ್ರಿ. ಏಳು ಸ್ಪೀಕರ್ ಇದ್ದರೆ ಎರಡನ್ನು ಮೂರು ಮತ್ತು ಒಂಬತ್ತು ಗಂಟೆಗೆ, ಇನ್ನೆರಡನ್ನು ಐದು ಮತ್ತು ಏಳು ಗಂಟೆಗೆ ಇಟ್ಟರೆ ಆಯಿತು.

ಒಂದು ದಾರ ತಗೊಳ್ಳಿ. ಮುಂದಿನ ಎರಡು ಸ್ಪೀಕರ್‌ಗಳ ನಡುವೆ ಎಷ್ಟು ದೂರವೋ ಅಷ್ಟೇ ದೂರ ಪ್ರತಿಯೊಂದರಿಂದ ನಿಮ್ಮ ತಲೆಗೂ ಇರಲಿ. ಎಂಟು ಅಡಿ ಅಂದರೆ ಮೂರೂ ಕಡೆ ಎಂಟು ಅಡಿ. ಹನ್ನೆರಡು ಅಡಿ ಅಗಲದ ಹಾಲಿನಲ್ಲಿ ಇದು ಸುಲಭವಾಗಿ ಕೂರುತ್ತೆ, ಗೋಡೆಯ ಪಕ್ಕ ಎರಡೆರಡು ಅಡಿ ಜಾಗವೂ ಉಳಿಯುತ್ತೆ.

ಎತ್ತರದ ವಿಷಯದಲ್ಲಿ ನಮ್ಮಲ್ಲಿ ಆಗುವಷ್ಟು ತಪ್ಪು ಬೇರೆ ಯಾವುದರಲ್ಲೂ ಆಗುವುದಿಲ್ಲ. ಮಕ್ಕಳ ಕೈಗೆ ಸಿಗಬಾರದು, ಕಸ ಗುಡಿಸಲು ಅಡ್ಡ ಬರಬಾರದು ಅಂತ ಎಲ್ಲವನ್ನೂ ಸೂರಿಗೆ ಏರಿಸುತ್ತೇವೆ. ಮಾತು ಟಿವಿಯಲ್ಲಿ, ಸದ್ದು ಚಾವಣಿಯಲ್ಲಿ! ಮುಂದಿನ ಸ್ಪೀಕರ್‌ಗಳ ಮೇಲ್ಗಡೆಯ ಸಣ್ಣ ಗುಂಡಿ ಇರುತ್ತಲ್ಲ, ಟ್ವೀಟರ್, ಅದು ಕೂತವರ ಕಿವಿಯ ಎತ್ತರಕ್ಕೆ ಇರಬೇಕು. ಸೋಫಾದಲ್ಲಿ ಕೂತರೆ ಅದು ನೆಲದಿಂದ ಮೂರು ಅಡಿ, ಮೂರೂಕಾಲು ಅಡಿ. ಹಿಂದಿನವು ಕಿವಿಗಿಂತ ಒಂದೆರಡು ಅಡಿ ಮೇಲಿದ್ದರೆ ಒಳ್ಳೆಯದು, ಪಕ್ಕದಲ್ಲಿ ಕೂತವರ ತಲೆ ಅಡ್ಡ ಬರುವುದಿಲ್ಲ. ನಡುವಿನ ಸ್ಪೀಕರ್ ಟಿವಿ ಕೆಳಗಿದ್ದರೆ ಅದರ ಮುಂಭಾಗಕ್ಕೆ ಒಂದು ಸಣ್ಣ ಮರದ ತುಂಡು ಕೊಟ್ಟು ಮೂತಿಯನ್ನು ನಿಮ್ಮ ಮುಖದ ಕಡೆ ಎತ್ತಿ. ಶೋಕೇಸಿನ ಒಳಗೆ ತಳ್ಳಬೇಡಿ, ಅಂಚಿಗೆ ತಂದಿಡಿ. ಗೂಡಿನೊಳಗಿಂದ ಮಾತಾಡಿದರೆ ಯಾರ ದನಿಯೂ ಮಂಕಾಗುತ್ತೆ.

ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡೇ ಇರಬೇಕಾದ ಮನೆಗಳು ಜಾಸ್ತಿ. ಅಲ್ಲಿ ಹಿಂದಿನ ಸ್ಪೀಕರ್‌ಗಳನ್ನು ಹಿಂದಿನ ಗೋಡೆಯ ಮೇಲೆ ತಲೆಗೆ ತಾಗುವಂತೆ ಹಾಕುವ ಬದಲು ಅಕ್ಕಪಕ್ಕದ ಗೋಡೆಗೆ, ಮೂರು ಮತ್ತು ಒಂಬತ್ತು ಗಂಟೆಯ ಹತ್ತಿರ ಹಾಕಿ. ಆದರೆ ಸೋಫಾವನ್ನು ಒಂದು ಅಡಿಯಾದರೂ ಮುಂದಕ್ಕೆ ಎಳೆಯಲು ಆಗುತ್ತಾ ನೋಡಿ. ಅದರಿಂದ ಆಗುವ ಉಪಕಾರ ದುಬಾರಿ ಕೇಬಲ್ ತಂದರೂ ಆಗುವುದಿಲ್ಲ.

ಯಾಕೆ ಅಂದರೆ ಬಾಸ್, ಅಂದರೆ ತೀರಾ ತಗ್ಗಿನ ಸದ್ದು. ಈ ಬಾಸ್ ವಿಷಯದಲ್ಲಿ ನಿಧಾನವಾಗಿ ಹೇಳಬೇಕು, ಎಲ್ಲರೂ ಸೋಲುವುದು ಇಲ್ಲೇ.

ನಮ್ಮದರಂಥ ಸೆಟ್ಟಿಗೆ 5.1 ಅನ್ನುತ್ತಾರೆ. ಅದರಲ್ಲಿ ಐದು ಅಂದರೆ ಸ್ಪೀಕರು, ಆ ಪಾಯಿಂಟ್ ಒಂದು ಅಂದರೆ ಸಬ್‌ವೂಫರಿನ ಪಾಲು. ಸಿನಿಮಾದಲ್ಲಿ ಗುಡುಗು, ಸ್ಫೋಟಕ್ಕೆ ಅಂತ ಬೇರೆಯೇ ಒಂದು ಚಾನೆಲ್, ಅಂದರೆ ಸದ್ದಿನ ಬೇರೆಯೇ ಒಂದು ಎಳೆ ಇರುತ್ತೆ, ಅದರಲ್ಲಿ ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಮಾತ್ರ (ಹರ್ಟ್ಸ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಅದುರುತ್ತೆ ಅನ್ನುವ ಲೆಕ್ಕ). ಬೇರೆ ಐದು ಚಾನೆಲ್ಲುಗಳಿಗೆ ಹೋಲಿಸಿದರೆ ಅದರ ಹರವು ಹತ್ತರಲ್ಲೊಂದು ಪಾಲೂ ಇಲ್ಲ, ಅದಕ್ಕೇ ಪೂರ್ತಿ ಒಂದು ಅನ್ನದೆ ಪಾಯಿಂಟ್ ಒಂದು ಅಂದರು. ಇಷ್ಟು ಕೆಳಗಿನ ಸದ್ದಿನ ಅಲೆ ತುಂಬಾ ಉದ್ದ. 80 ಹರ್ಟ್ಸಿನ ಅಲೆ ನಾಲ್ಕು ಮೀಟರಿಗೂ ಜಾಸ್ತಿ, 40 ಹರ್ಟ್ಸಿನದು ಎಂಟೂವರೆ ಮೀಟರ್. ಅಂದರೆ 40 ಹರ್ಟ್ಸಿನ ಒಂದೇ ಅಲೆ ನಮ್ಮ ಹಾಲಿಗಿಂತ ಉದ್ದ. ಅದು ಗೋಡೆಗೆ ಬಡಿದು ವಾಪಸ್ ಬಂದು ತನ್ನದೇ ಇನ್ನೊಂದು ಅಲೆಯ ಜೊತೆ ಸೇರುತ್ತೆ. ಕೆಲವು ಕಡೆ ಎರಡೂ ಕೂಡಿ ಎರಡರಷ್ಟಾಗುತ್ತೆ, ಕೆಲವು ಕಡೆ ಒಂದನ್ನೊಂದು ನುಂಗಿಹಾಕುತ್ತೆ. ಹದಿನಾರು ಅಡಿ ಉದ್ದದ ಹಾಲಿನಲ್ಲಿ ಇದು ಸುಮಾರು 35 ಹರ್ಟ್ಸ್‌ನಲ್ಲಿ ಆಗುತ್ತೆ, ಹನ್ನೆರಡು ಅಡಿಯ ಅಗಲಕ್ಕೆ 47ರ ಹತ್ತಿರ. ಗೋಡೆಯ ಹತ್ತಿರ ಯಾವಾಗಲೂ ಕೂಡುವುದೇ ಜಾಸ್ತಿ, ಹಾಗಾಗಿ ಗೋಡೆಗೆ ಒರಗಿದ ಸೋಫಾದಲ್ಲಿ ಕೂತವರಿಗೆ ಬರೀ ಗುಂಯ್ ಅನ್ನುತ್ತೆ, ಹಾಲಿನ ಮಧ್ಯದಲ್ಲಿ ಕೂತವರಿಗೆ ಆ ಸದ್ದು ಇಲ್ಲವೇ ಇಲ್ಲ. ಎಷ್ಟೋ ಮನೆಯಲ್ಲಿ ಸಬ್‌ವೂಫರ್ ಸರಿ ಇಲ್ಲ ಅಂತ ಬದಲಾಯಿಸುತ್ತಾರೆ. ಸರಿ ಇಲ್ಲದ್ದು ಅದನ್ನು ಇಟ್ಟ ಜಾಗ.

ಇದಕ್ಕೊಂದು ಹಳೇ ಉಪಾಯ ಇದೆ, ಒಂದು ರೂಪಾಯಿ ಖರ್ಚಿಲ್ಲ. ಸಬ್‌ವೂಫರನ್ನು ಎತ್ತಿ ನೀವು ಕೂರುವ ಜಾಗದಲ್ಲಿ, ಅಂದರೆ ಸೋಫಾದ ಮೇಲೆಯೇ ಇಡಿ. ಬಾಸ್ ಬಿಡದೆ ಓಡಾಡುವ ಯಾವುದಾದರೂ ಹಾಡನ್ನು ಹಾಕಿ. ಈಗ ನೀವು ಗೋಡೆಯ ಪಕ್ಕ ಮಂಡಿಯೂರಿ, ಕಿವಿಯನ್ನು ನೆಲದ ಹತ್ತಿರ ಇಟ್ಟುಕೊಂಡು ನಿಧಾನವಾಗಿ ತೆವಳಿ. ಒಂದು ಕಡೆ ಗುಂಯ್ ಅನ್ನುತ್ತೆ, ಇನ್ನೊಂದು ಕಡೆ ಸದ್ದೇ ಇರುವುದಿಲ್ಲ, ಎಲ್ಲೋ ಒಂದು ಕಡೆ ಪ್ರತಿ ಸ್ವರವೂ ಒಂದೇ ಗಾತ್ರದಲ್ಲಿ ಬಿಡಿಬಿಡಿಯಾಗಿ ಕೇಳುತ್ತೆ. ಅದೇ ಸಬ್‌ವೂಫರಿನ ಜಾಗ. ನೀವು ಕೂರುವ ಜಾಗ ಮತ್ತು ಅದು ಕೂರುವ ಜಾಗವನ್ನು ಅದಲುಬದಲು ಮಾಡಿದರೂ ಶಬ್ದದ ಲೆಕ್ಕ ಬದಲಾಗುವುದಿಲ್ಲ, ಅದಕ್ಕೇ ಈ ಉಪಾಯ ನಡೆಯುತ್ತೆ. ನಮ್ಮ ಮನೆಯಲ್ಲಿ ಆ ಜಾಗ ಟಿವಿ ಗೋಡೆಯಲ್ಲಿ ಸಿಕ್ಕಿತು, ಮೂಲೆಯಿಂದ ಮೂರು ಅಡಿ ಈಚೆಗೆ. ಮೂಲೆಗೆ ತಳ್ಳಿದರೆ ಸದ್ದು ಜಾಸ್ತಿ ಬರುತ್ತೆ ನಿಜ, ಆದರೆ ಎಲ್ಲ ಸ್ವರವೂ ಒಂದೇ ಸ್ವರದ ಹಾಗೆ ಕೇಳುತ್ತೆ.

ಇನ್ನು ಹಾಲ್. ಮಂಡ್ಯದಲ್ಲಿ ಚಿಕ್ಕಮ್ಮ ಹೊಸ ಮನೆ ಕಟ್ಟಿಸಿದರು. ನೆಲಕ್ಕೆ ಕನ್ನಡಿಯಂಥ ಟೈಲ್ಸ್, ಮೇಲೆ ಆರ್‌ಸಿಸಿ, ಒಂದು ಗೋಡೆಗೆ ಗಾಜು. ಚಪ್ಪಾಳೆ ಹೊಡೆದರೆ ಟಂಯ್ ಅಂತ ಒಂದು ಬಾಲ ಹಿಂದೆ ಬರುತ್ತೆ. ಅಲ್ಲಿ ಎಂಥ ಸ್ಪೀಕರ್ ಇಟ್ಟರೂ ಮಾತು ಕಲಸಿಹೋಗುತ್ತಿತ್ತು. ನಮ್ಮ ಹಳೇ ಮನೆಯ ಕೆಂಪು ಗಾರೆ ನೆಲವೂ ಗಟ್ಟಿಯೇ, ಆದರೆ ಅಲ್ಲಿ ಪುಸ್ತಕದ ಬೀರು, ಹತ್ತಿಯ ದಿವಾನ, ದಪ್ಪ ಪರದೆ ಎಲ್ಲ ಇದ್ದವು. ಚಿಕ್ಕಮ್ಮನ ಮನೆಯಲ್ಲಿ ಮಾಡಿದ್ದು ಇಷ್ಟೇ. ಸೋಫಾಗೂ ಟಿವಿಗೂ ನಡುವೆ ಒಂದು ದೊಡ್ಡ ಜಮಖಾನ, ಗಾಜಿಗೆ ಎರಡು ಪದರದ ಪರದೆ. ಆಮೇಲೆ ಕನ್ನಡಿಯ ಪರೀಕ್ಷೆ. ನೀವು ಸೋಫಾದಲ್ಲಿ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಒಂದು ಕೈಗನ್ನಡಿಯನ್ನು ಸರಿಸುತ್ತಾ ಹೋಗಲಿ. ಎಲ್ಲಿ ಅದರಲ್ಲಿ ಮುಂದಿನ ಸ್ಪೀಕರ್ ನಿಮಗೆ ಕಾಣುತ್ತೋ ಅಲ್ಲಿಂದಲೇ ಮೊದಲ ಮರುದನಿ ಬರುವುದು. ಅಲ್ಲಿಗೆ ಪುಸ್ತಕದ ಕಪಾಟೋ ದಪ್ಪ ಬಟ್ಟೆಯ ತೂಗುಚಿತ್ರವೋ ಹಾಕಿದರೆ ಮಾತಿನ ಅಂಚು ಮರಳಿ ಬರುತ್ತೆ. ಮೊಟ್ಟೆಯ ಟ್ರೇ ಅಂಟಿಸಬೇಡಿ, ಅದರಿಂದ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ.

ವೈರಿನ ಬಗ್ಗೆ ಎರಡೇ ಮಾತು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದೇ ಒಂದು ಸ್ಪೀಕರಿಗೆ ತಿರುವುಮುರುವಾದರೂ ಎರಡು ಕೋನ್‌ಗಳಲ್ಲಿ ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುತ್ತೆ, ಬಾಸ್ ಮಾಯ, ದನಿಗೆ ನೆಲೆಯೇ ಇಲ್ಲ. ವಾರ್ತೆ ಹಾಕಿ, ಮುಂದಿನ ಎರಡು ಸ್ಪೀಕರ್ ಮಾತ್ರ ನುಡಿಯಲಿ. ಓದುವವರ ದನಿ ಟಿವಿಯ ನಟ್ಟನಡುವಿನಿಂದ ಬಂದರೆ ಸರಿ. ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ತಲೆಯ ಸುತ್ತ ತೇಲಿದರೆ ಒಂದರ ವೈರ್ ಅದಲುಬದಲು ಮಾಡಿ.

ಆಮೇಲೆ ರಿಸೀವರಿನ ಒಳಗಿನ ಲೆಕ್ಕ. ಈಗಿನ ಬಹುತೇಕ ರಿಸೀವರ್ ಜೊತೆ ಒಂದು ಪುಟ್ಟ ಮೈಕ್ ಕೊಡುತ್ತಾರೆ. ಅದನ್ನು ತಲೆ ಇರುವ ಎತ್ತರದಲ್ಲಿ, ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು, ಫ್ಯಾನ್ ಆರಿಸಿ, ಎಲ್ಲರನ್ನೂ ಸುಮ್ನೆ ಕೂರಿಸಿ ಓಡಿಸಬೇಕು. ಕುರ್ಚಿಯ ಮೇಲೆ ದಿಂಬಿನಲ್ಲಿ ಹೂತು ಇಡಬಾರದು. ಅದು ಪ್ರತಿ ಸ್ಪೀಕರಿನ ದೂರ, ಗಟ್ಟಿತನ ಅಳೆಯುತ್ತೆ. ದೂರ ಯಾಕೆ ಅಂದರೆ, ಹತ್ತಿರದ ಸ್ಪೀಕರಿನ ಸದ್ದನ್ನು ಅಷ್ಟೇ ತಡ ಮಾಡಿ ಬಿಟ್ಟರೆ ಎಲ್ಲವೂ ಒಂದೇ ಕ್ಷಣಕ್ಕೆ ಕಿವಿಗೆ ಬರುತ್ತವೆ. ಅಪ್ಪನ ವೀಣೆಯ ಕಾಯಿಲೆಗೆ ಅರ್ಧ ಮದ್ದು ಇದೇ. ಮುಗಿದ ಮೇಲೆ ಒಳಗೆ ಹೋಗಿ ಒಂದು ಸಲ ನೀವೇ ನೋಡಿ. ಸ್ಪೀಕರ್‌ಗಳನ್ನು ಲಾರ್ಜ್ ಅಂತ ಗುರುತಿಸಿದ್ದರೆ ಸ್ಮಾಲ್ ಮಾಡಿ. ಅದು ಗಾತ್ರಕ್ಕೆ ಕೊಟ್ಟ ಹೆಸರಲ್ಲ, ಬಾಸನ್ನು ಸಬ್‌ವೂಫರಿಗೆ ಕಳಿಸಬೇಕೋ ಬೇಡವೋ ಅನ್ನುವುದಕ್ಕೆ ಕೊಟ್ಟ ಹೆಸರು. ಕ್ರಾಸೋವರ್, ಅಂದರೆ ಎಷ್ಟು ಹರ್ಟ್ಸಿನ ಕೆಳಗಿನ ಸದ್ದು ಅಲ್ಲಿಗೆ ಹೋಗಬೇಕು ಅನ್ನುವ ಗೆರೆ, 80 ಹರ್ಟ್ಸ್ ಇಟ್ಟು ಶುರು ಮಾಡಿ. ಅಂಗೈಯಗಲದ ಪುಟ್ಟ ಸ್ಪೀಕರ್‌ಗಳಾದರೆ 120ಕ್ಕೆ ಏರಿಸಿ. ಅದಕ್ಕಿಂತ ಮೇಲೆ ಹೋದರೆ ಗಂಡಸರ ದನಿ ಸಬ್‌ವೂಫರಿನಿಂದ ಬರತೊಡಗುತ್ತೆ.

ಸರಿ, ಎಲ್ಲ ಕೂರಿಸಿದ್ದಾಯಿತು. ಏನು ಕೇಳುತ್ತೀರಿ?

ಹಳೆಯದರಿಂದ ಶುರು ಮಾಡೋಣ. ಮೈಸೂರಿಗೂ ಒಂದೇ ಸ್ಪೀಕರಿನ ಕಾಲಕ್ಕೂ ಹತ್ತಿರದ ನಂಟು. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ನಿಲಯ ಶುರು ಮಾಡಿದ್ದು ಇಲ್ಲೇ, ಆಕಾಶವಾಣಿ ಅನ್ನುವ ಹೆಸರು ಹಬ್ಬಿದ್ದೂ ಇಲ್ಲಿಂದಲೇ. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಲಂಡನ್ನಿನ ಎಚ್‌ಎಂವಿ ಮುದ್ರಿಸಿತು, ಅದಕ್ಕೆ ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಅವೆಲ್ಲ ಮಾನೋ, ಅಂದರೆ ಒಂದೇ ಚಾನೆಲ್. ಲಂಡನ್ನಿನಲ್ಲಿ ಆಲನ್ ಬ್ಲಮ್ಲೈನ್ 1931ರಲ್ಲೇ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದ್ದರು, ಆದರೆ ಅದು ಮನೆಮನೆಗೆ ಬರಲು ಕಾಲು ಶತಮಾನವೇ ಬೇಕಾಯಿತು. ಅಮ್ಮ ಕೇಳುವ ಕಪ್ಪುಬಿಳುಪು ಕಾಲದ ಸಿನಿಮಾ ಹಾಡುಗಳೂ ಮಾನೋ.

ಮಾನೋ ಹಾಡನ್ನು ಎರಡು ಸ್ಪೀಕರಿನಲ್ಲಿ ಹಾಕಿ ಸರಿಯಾಗಿ ನಡುವೆ ಕೂತರೆ ದನಿ ನಡುವಿನಿಂದ ಬರುತ್ತೆ. ಒಂದು ಅಡಿ ಪಕ್ಕಕ್ಕೆ ಸರಿದರೂ ಹತ್ತಿರದ ಸ್ಪೀಕರಿಗೆ ಹೋಗಿ ಅಂಟಿಕೊಳ್ಳುತ್ತೆ. ಅಪ್ಪನ ಕುರ್ಚಿ ಕಿಟಕಿಯ ಪಕ್ಕ, ಅದನ್ನು ಸರಿಸುವ ಮಾತೇ ಇಲ್ಲ. ಅಲ್ಲಿಗೆ ಡಾಲ್ಬಿ ಸರೌಂಡ್ ಮೋಡ್ ಉಪಯೋಗಕ್ಕೆ ಬರುತ್ತೆ. ಎಡಬಲ ಎರಡರಲ್ಲೂ ಒಂದೇ ಆಗಿರುವ ಸದ್ದನ್ನು ಅದು ಹುಡುಕಿ ನಡುವಿನ ಸ್ಪೀಕರಿಗೆ ಕೊಡುತ್ತೆ. ಮಾನೋದಲ್ಲಿ ಎಲ್ಲವೂ ಒಂದೇ, ಆದ್ದರಿಂದ ಪೂರ್ತಿ ಹಾಡು ನಡುವಿನಿಂದಲೇ ಬರುತ್ತೆ, ಎಲ್ಲಿ ಕೂತರೂ ಅಲ್ಲಿಂದಲೇ. "ಬೇರೆ ಸ್ಪೀಕರ್ ಕೆಟ್ಟಿದೆ, ಒಂದೇ ಮಾತಾಡ್ತಿದೆ" ಅಂತ ಎಷ್ಟೋ ಜನ ಫೋನ್ ಮಾಡುತ್ತಾರೆ. ಕೆಟ್ಟಿಲ್ಲ, ಹಾಗೇ ಬರಬೇಕು. ಆದರೆ ನಡುವಿನ ಸ್ಪೀಕರ್ ತೀರಾ ಚಿಕ್ಕದಾಗಿದ್ದರೆ ಹಾಡು ಬಡಕಲಾಗುತ್ತೆ, ಆಗ ಮುಂದಿನ ಎರಡೇ ವಾಸಿ.

ಕಛೇರಿ, ವೀಣೆ, ಭಾವಗೀತೆ, ಅಂದರೆ ಎರಡು ಚಾನೆಲ್ಲಿನ ಸಂಗೀತ. ಇಲ್ಲಿ ನನ್ನ ನಿಲುವು ಗಟ್ಟಿ: ಎರಡೇ ಸ್ಪೀಕರ್. ರಿಮೋಟಿನಲ್ಲಿ ಸ್ಟೀರಿಯೋ ಒತ್ತಿ, ಮುಗಿಯಿತು. ಒಂಟಿಕೊಪ್ಪಲಿನ 8ನೇ ಕ್ರಾಸಿನ ಗಣೇಶನ ಪೆಂಡಾಲಿನಲ್ಲಿ ಕೂತು ಕಛೇರಿ ಕೇಳಿದವರಿಗೆ ಗೊತ್ತು. ಹಾಡುವವರು ನಡುವೆ, ಪಿಟೀಲು ಒಂದು ಪಕ್ಕ, ಮೃದಂಗ ಇನ್ನೊಂದು ಪಕ್ಕ, ಎಲ್ಲರೂ ನಮ್ಮ ಎದುರಿಗೆ. ಎರಡು ಸ್ಪೀಕರಿನ ಮಧ್ಯೆ ಆ ವೇದಿಕೆ ತಾನಾಗಿ ಕಟ್ಟಿಕೊಳ್ಳುತ್ತೆ. ಹಾಡುವವರ ದನಿ ಎರಡರಲ್ಲೂ ಸಮನಾಗಿರುವುದರಿಂದ, ಸ್ಪೀಕರೇ ಇಲ್ಲದ ನಡುವಿನ ಜಾಗದಲ್ಲಿ ಅವರು ಬಂದು ಕೂತ ಹಾಗಾಗುತ್ತೆ. ಮೊದಲ ಸಲ ಅದು ಸರಿಯಾಗಿ ಕೂತಾಗ ಅಪ್ಪ ಕಣ್ಣು ಮುಚ್ಚಿಕೊಂಡು ಕೈಯಲ್ಲಿ ತಾಳ ಹಾಕಿದರು, ನಾನು ಹಿಂದೆ ನಿಂತು ನೋಡುತ್ತಿದ್ದೆ, ಅಷ್ಟು ದಿನ ತೆವಳಿದ್ದಕ್ಕೆ ಅದು ಸಾಕು ಅನ್ನಿಸಿತು.

ಸಬ್‌ವೂಫರ್ ಬೇಕಾ ಇಲ್ಲಿ? ಒಂದು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಶ್ರುತಿಯಲ್ಲಿ, ಹಾಡುವ ಗಂಡು ದನಿಯ ಮಧ್ಯ ಷಡ್ಜವೇ ಸುಮಾರು 130 ಹರ್ಟ್ಸ್. ಅಂದರೆ 80ಕ್ಕಿಂತ ಕೆಳಗೆ ದನಿ ಇಳಿಯುವುದು ಮಂದ್ರಕ್ಕೆ ಹೋದಾಗ ಮಾತ್ರ. ಕಛೇರಿಯಲ್ಲಿ ಅಷ್ಟು ಕೆಳಗೆ ಇರುವುದು ಮುಖ್ಯವಾಗಿ ಮೃದಂಗದ ಎಡಗಡೆಯ ಗುಮ್ಕಿ, ಘಟದ ಹೊಟ್ಟೆಯ ಸದ್ದು. ದೊಡ್ಡ ಸ್ಪೀಕರಾದರೆ ಸಬ್‌ವೂಫರ್ ಬೇಡವೇ ಬೇಡ. ಚಿಕ್ಕದಾದರೆ ಇರಲಿ, ಆದರೆ ಸಿನಿಮಾಕ್ಕೆ ಇಟ್ಟಿದ್ದಕ್ಕಿಂತ ಮೂರ್ನಾಲ್ಕು ಡೆಸಿಬೆಲ್ ಇಳಿಸಿ. ಅದು ಇದೆ ಅಂತ ಗೊತ್ತಾಗಬಾರದು, ಆರಿಸಿದಾಗ ಮಾತ್ರ ಏನೋ ಹೋಯಿತು ಅನ್ನಿಸಬೇಕು. ಒಂದು ಎಚ್ಚರಿಕೆ: ಹಲವು ರಿಸೀವರ್‌ಗಳಲ್ಲಿ ಡೈರೆಕ್ಟ್ ಮೋಡ್ ಒತ್ತಿದರೆ ಸಬ್‌ವೂಫರ್ ತಾನಾಗಿ ನಿಲ್ಲುತ್ತೆ, ಗಾಬರಿ ಬೇಡ.

ಫೋನಿನಿಂದ ಬ್ಲೂಟೂತ್‌ನಲ್ಲಿ ಹಾಡು ಕಳಿಸಿ 5.1 ಬರಲಿಲ್ಲ ಅಂತ ಕೊರಗುವವರಿದ್ದಾರೆ. ಹಾಡು ಕಳಿಸಲು ಫೋನ್ ಬಳಸುವ ಬ್ಲೂಟೂತ್ ದಾರಿಯಲ್ಲಿ ಹೋಗುವುದು ಎರಡೇ ಚಾನೆಲ್.

ಈಗ ಸಿನಿಮಾ. ಇಲ್ಲಿ ಐದೂ ಬೇಕು, ಸಬ್‌ವೂಫರೂ ಬೇಕು. ಆದರೆ ಮೊದಲು ಐದು ಚಾನೆಲ್ ನಿಜವಾಗಿ ರಿಸೀವರಿಗೆ ಬರುತ್ತಿದೆಯಾ ನೋಡಿ. ಟಿವಿಯಿಂದ ಎಚ್‌ಡಿಎಂಐ ವೈರನ್ನು ಎಆರ್‌ಸಿ ಅಂತ ಬರೆದಿರುವ ತೂತಿನಿಂದಲೇ ಎಳೆದಿರಬೇಕು. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಪಿಸಿಎಂ ಅಂತ ಇದ್ದರೆ ಸಾಮಾನ್ಯವಾಗಿ ಬರುವುದು ಎರಡೇ ಚಾನೆಲ್, ಅದನ್ನು ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂಗೆ ಬದಲಾಯಿಸಿ. ರಿಸೀವರಿನ ಮುಖದ ಮೇಲೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಅಂತ ಬಂದರೆ ಸರಿ. ನಮ್ಮ ಮನೆಯಲ್ಲಿ ಮೂರು ತಿಂಗಳು ಎರಡು ಚಾನೆಲ್ಲನ್ನೇ ಐದರಲ್ಲಿ ಕೇಳುತ್ತಿದ್ದೆವು, ಜೋಡಿಸಿದವರು ಇದನ್ನು ನೋಡಿರಲೇ ಇಲ್ಲ.

ಸಿನಿಮಾದಲ್ಲಿ ಎಲ್ಲರ ದೂರು ಒಂದೇ: ಮಾತು ಕೇಳಿಸುವುದಿಲ್ಲ, ಹಾಡು ಬಂದರೆ ಕಿವಿ ಹರಿಯುತ್ತೆ, ಇಡೀ ಹೊತ್ತು ರಿಮೋಟ್ ಕೈಯಲ್ಲೇ. ಮಾತಿನ ಬಹುಪಾಲು ಇರುವುದು ನಡುವಿನ ಸ್ಪೀಕರಿನಲ್ಲಿ. ಹಾಗಾಗಿ ಎಲ್ಲದರ ವಾಲ್ಯೂಮ್ ಏರಿಸುವ ಬದಲು ಸೆಂಟರ್ ಲೆವೆಲ್ ಒಂದನ್ನೇ ಎರಡು ಮೂರು ಡೆಸಿಬೆಲ್ ಏರಿಸಿ, ವಯಸ್ಸಾದವರಿದ್ದರೆ ನಾಲ್ಕೂ ಆಗಬಹುದು. ರಾತ್ರಿ ಹತ್ತರ ಮೇಲೆ, ಮಕ್ಕಳು ಮಲಗಿದ ಮೇಲೆ ನೋಡುವುದಾದರೆ ನೈಟ್ ಮೋಡ್ ಹಾಕಿ. ಅದು ಪಿಸುಮಾತನ್ನು ಎತ್ತಿ, ಸ್ಫೋಟವನ್ನು ಅದುಮಿ ಎರಡನ್ನೂ ಹತ್ತಿರ ತರುತ್ತೆ. ಥಿಯೇಟರಿನಲ್ಲಿ ಮಾತಿಗೂ ಸಿಡಿಲಿಗೂ ಇರುವ ಅಂತರವನ್ನು ಸರಸ್ವತಿಪುರಂನ ಅಕ್ಕಪಕ್ಕದ ಮನೆಗಳು ತಡೆಯುವುದಿಲ್ಲ. ಕೆಳಗಿನ ಬಾಸ್ ಗೋಡೆಗೆ ನಿಲ್ಲುವುದಿಲ್ಲ, ಸಬ್‌ವೂಫರಿನ ಅಡಿಗೆ ದಪ್ಪ ರಬ್ಬರ್ ಹಾಳೆ ಇಟ್ಟರೆ ನೆಲದ ಅದುರಾಟವಾದರೂ ಕಡಿಮೆಯಾಗುತ್ತೆ.

ಹಿಂದಿನ ಸ್ಪೀಕರ್ ಇಡೀ ಸಿನಿಮಾ ಮಾತಾಡುತ್ತಿರಬೇಕು ಅನ್ನುವ ಆಸೆಯಿಂದ ಅದರ ಗಟ್ಟಿತನ ಏರಿಸಬೇಡಿ. ಮಳೆ, ಸಂತೆಯ ಗಲಾಟೆ, ದೂರದಲ್ಲಿ ಹೋಗುವ ರೈಲು, ಇಂಥವಕ್ಕೇ ಅದನ್ನು ಇಟ್ಟಿರುವುದು. ಹತ್ತು ನಿಮಿಷ ಸುಮ್ಮನಿದ್ದು ಒಮ್ಮೆ ನುಡಿದಾಗ ತಿರುಗಿ ನೋಡುವಂತಾಗಬೇಕು.

ಕ್ರಿಕೆಟ್ ಬೇರೆ ಕಥೆ. ಎರಡೇ ಚಾನೆಲ್ಲಿನಲ್ಲಿ ಬಂದರೂ ಪರವಾಗಿಲ್ಲ, ಇಲ್ಲಿ ಡಾಲ್ಬಿ ಸರೌಂಡ್ ಹಾಕಿ. ಕಾಮೆಂಟರಿ ಎರಡರಲ್ಲೂ ಒಂದೇ ಇರುವುದರಿಂದ ನಡುವಿಗೆ ಹೋಗುತ್ತೆ, ಜನರ ಕೂಗು ಎಡಬಲದಲ್ಲಿ ಬೇರೆ ಬೇರೆ ಇರುವುದರಿಂದ ಸುತ್ತಲೂ ಹರಡುತ್ತೆ, ನೀವು ಸ್ಟ್ಯಾಂಡಿನಲ್ಲಿ ಕೂತ ಹಾಗೆ. ದಸರಾ ಜಂಬೂಸವಾರಿಯ ನೇರ ಪ್ರಸಾರಕ್ಕೂ ಇದೇ ಚೆನ್ನ, ಬ್ಯಾಂಡ್ ಮುಂದೆ, ಬೀದಿಯ ಜನ ಸುತ್ತಲೂ.

ಅಟ್ಮಾಸ್ ಬಗ್ಗೆ ಕೇಳುವವರು ಈಗ ಜಾಸ್ತಿ. 2012ರಲ್ಲಿ ಥಿಯೇಟರಿಗೆ ಬಂದ ಇದರಲ್ಲಿ ಸದ್ದು ತಲೆಯ ಮೇಲಿಂದಲೂ ಬರುತ್ತೆ. ಚಾವಣಿಗೆ ಸ್ಪೀಕರ್ ಹಾಕಲು ಆದರೆ ಹಾಕಿ, ಇಲ್ಲದಿದ್ದರೆ ಮೇಲ್ಮುಖ ಸ್ಪೀಕರ್ ಇಟ್ಟು ಚಾವಣಿಗೆ ಬಡಿಸಿ ಕೆಳಗೆ ತರಿಸಬಹುದು. ಅದಕ್ಕೆ ಚಪ್ಪಟೆಯಾದ ಗಟ್ಟಿ ಚಾವಣಿ ಬೇಕು. ಆರ್‌ಸಿಸಿ ಮನೆಗೆ ಸರಿ, ಇಳಿಜಾರು ಹೆಂಚಿನ ಮನೆಯಲ್ಲಿ ಸದ್ದು ಎತ್ತಲೋ ಹೋಗುತ್ತೆ. ನನ್ನನ್ನು ಕೇಳಿದರೆ ಮೊದಲು ಐದನ್ನು ಸರಿಯಾಗಿ ಕೂರಿಸಿ, ಆಮೇಲೆ ಮೇಲಕ್ಕೆ ನೋಡಿ.

ಮತ್ತೆ ಆ ಆಲ್ ಚಾನೆಲ್ ಸ್ಟೀರಿಯೋ? ಅದಕ್ಕೂ ಒಂದು ದಿನ ಇದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆ ತುಂಬ ಜನ, ಯಾರೂ ಒಂದು ಕಡೆ ಕೂತು ಕೇಳುವುದಿಲ್ಲ, ಅಡುಗೆಮನೆಯಿಂದ ಹಾಲಿಗೆ ಓಡಾಡುತ್ತಿರುತ್ತಾರೆ. ಆಗ ಸಣ್ಣಗೆ ನಾದಸ್ವರ ಎಲ್ಲ ಕಡೆ ಒಂದೇ ಹದಕ್ಕೆ ಕೇಳಬೇಕು. ಅವತ್ತು ಅದನ್ನೇ ಹಾಕುತ್ತೇನೆ.

ಇಷ್ಟನ್ನೂ ಮನೆಯವರೆಲ್ಲ ನೆನಪಿಟ್ಟುಕೊಳ್ಳಲಿ ಅಂದರೆ ಆಗುವುದಿಲ್ಲ. ಅದಕ್ಕೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಶೋಕೇಸಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ವೀಣೆ, ಕಛೇರಿಗೆ ರಿಮೋಟಿನ ಯಾವ ಬಟನ್, ಅಮ್ಮನ ಹಳೇ ಹಾಡಿಗೆ ಯಾವುದು, ಮ್ಯಾಚಿಗೆ ಯಾವುದು, ಸಿನಿಮಾಕ್ಕೆ ಯಾವುದು. ಹೋದ ವಾರ ನೋಡಿದರೆ ಅಪ್ಪ ಅದರ ಕೆಳಗೆ ಪೆನ್ಸಿಲಿನಲ್ಲಿ ತಮ್ಮದೊಂದು ಸಾಲು ಸೇರಿಸಿದ್ದಾರೆ: "ವೀಣೆ ಕೇಳುವಾಗ ಫ್ಯಾನ್ ಒಂದರಲ್ಲಿರಲಿ."